ಅರ್ಧ ಇಂಚು ಆಚೆ

"ಉಸಿರು ಬಿಡಯ್ಯಾ ಸ್ವಲ್ಪ! ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ನಾನು ಅಂಗಿ ಹೊಲಿಯೋದು ನಿನ್ನ ಮೈಗಲ್ಲ, ನಿನ್ನ ಆಸೆಗೆ!"

ಅಂಗಡಿ ತುಂಬ ನಗು ಎದ್ದಿತು. ಹೊಟ್ಟೆ ಎಳೆದುಕೊಂಡು ನಿಂತಿದ್ದ ಗಿರಾಕಿಯೂ ನಕ್ಕು ಉಸಿರು ಬಿಟ್ಟ. ಟೇಪು ಎರಡು ಇಂಚು ಮುಂದಕ್ಕೆ ಸರಿಯಿತು.

"ಮೆಟ್ಟಿಲು ಹತ್ತುವಾಗಲೇ ಹೇಳಿರ್ಲಿಲ್ವಾ ನಲವತ್ತೊಂದು ಅಂತ?" ಇಂಚಣ್ಣ ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಅಳತೆ ಪುಸ್ತಕಕ್ಕೆ ಕೈ ಚಾಚಿದ.

ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಒಂದೇ ಬೀದಿಯಲ್ಲಿ ಮೂವತ್ತು ವರ್ಷ ಗಂಡಸರ ಅಂಗಿ ಹೊಲಿದವನಿಗೆ ಆ ಬೀದಿಯೇ ಇನ್ನೊಂದು ಹೆಸರಿಟ್ಟುಬಿಡುತ್ತದೆ. ದಾರಿಯಲ್ಲಿ ಹೋಗುವವನನ್ನು ಒಮ್ಮೆ ನೋಡಿ ಎದೆಯ ಸುತ್ತಳತೆ ಹೇಳುತ್ತಿದ್ದ. ಕರೆದು ಅಳೆದರೆ ಅರ್ಧ ಇಂಚೂ ಆಚೀಚೆ ಆಗುತ್ತಿರಲಿಲ್ಲ. ಪಕ್ಕದ ಸಲೂನಿನ ಕ್ರಾಪಣ್ಣ ಇದರ ಮೇಲೆ ಟೀ ಪಂದ್ಯ ಕಟ್ಟಿ ಸೋತು ಸೋತು, ಈಗ ಪಂದ್ಯ ಇಲ್ಲದೆಯೇ ಎರಡು ಟೀ ಹಿಡಿದುಕೊಂಡು ಬರುತ್ತಿದ್ದ.

ಶಾಲೆ ಶುರುವಾಗಲು ಹನ್ನೊಂದೇ ದಿನ. ಸಮವಸ್ತ್ರದ ಬೂದು ನೀಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗುಡ್ಡದ ಹಾಗೆ ಬಿದ್ದಿತ್ತು. ಮೂಲೆಯ ಸ್ಟೂಲಿನ ಮೇಲೆ ಇಂಚಣ್ಣನ ಹೆಂಡತಿ ಗುಂಡಿಗೆ ಕಾಜಾ ಹಾಕುತ್ತ, ಒಂದು ಕಣ್ಣು ಸೂಜಿಯ ಮೇಲೆ, ಇನ್ನೊಂದು ಗಂಡನ ಮೇಲೆ ಇಟ್ಟಿದ್ದಳು. ಗಂಡನ ಮೇಲೆ ಕಣ್ಣಿಡಲು ಕಾರಣವಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಕರ್ಚೀಫೂ ಹಿಂಡದ ಮನುಷ್ಯ ಈಚೆಗೆ ತನ್ನ ಬನಿಯನ್ನು ತಾನೇ ಒಗೆಯುತ್ತಿದ್ದ. ಎರಡು ಬನಿಯನ್ನುಗಳು ಮಾಯವೇ ಆಗಿದ್ದವು.

"ಏನೋ ಇದು, ಇಷ್ಟು ಸೆಕೆಗೆ ವೇಸ್ಟ್‌ಕೋಟು?" ಕ್ರಾಪಣ್ಣ ಟೀ ಲೋಟ ಇಡುತ್ತ ಕಣ್ಣು ಹೊಡೆದ. "ಮೊದಲು ಬನಿಯನ್ನಲ್ಲೇ ಮೆಷಿನ್ ತುಳೀತಿದ್ದೆ. ಎದೆಯಲ್ಲಿ ಏನಾದ್ರೂ ಬಚ್ಚಿಟ್ಟಿದ್ದೀಯಾ ಹೇಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಂಚಣ್ಣನ ಕೈ ತಾನಾಗಿ ಎಡಗಡೆಗೆ ಹೋಯಿತು. ಹೋದ ಕೈಯನ್ನು ಅವನು ಟೇಪು ಸರಿಮಾಡುವ ನೆಪದಲ್ಲಿ ಹಿಂದಕ್ಕೆ ತಂದ. "ದರ್ಜಿ ಅಂದ್ಮೇಲೆ ಒಂದು ಠೀವಿ ಬೇಡ್ವೇನೋ?" ಎಂದು ನಕ್ಕ. ಹೆಂಡತಿ ನಗಲಿಲ್ಲ.

ಬಚ್ಚಿಟ್ಟಿದ್ದು ನಿಜ. ನಾಲ್ಕು ತಿಂಗಳ ಹಿಂದೆ, ಮೇಜಿನ ಆಚೆ ತುದಿಯ ಬಟ್ಟೆ ಎಳೆಯಲು ಬಗ್ಗಿದಾಗ ಎದೆಗೆ ಏನೋ ಒತ್ತಿತ್ತು. ನೋವಿರಲಿಲ್ಲ. ಬನಿಯನ್ನೊಳಗೆ ಗುಂಡಿ ಬಿದ್ದಿರಬೇಕೆಂದು ಬನಿಯನ್ನು ಕೊಡವಿದ. ಯಾವ ಗುಂಡಿಯೂ ಉದುರಲಿಲ್ಲ. ಗುಂಡಿ ಬಟ್ಟೆಯ ಒಳಗಿರಲಿಲ್ಲ, ಚರ್ಮದ ಒಳಗಿತ್ತು. ಎಡ ಮೊಲೆತೊಟ್ಟಿನ ಪಕ್ಕ, ಗಟ್ಟಿಯಾಗಿ, ಜರುಗದೆ. ಆಮೇಲೆ ಒಂದು ದಿನ ಬನಿಯನ್ನಿನ ಮೇಲೆ ಗುಂಡುಸೂಜಿಯ ತಲೆಯಷ್ಟು ಕಂದು ಕಲೆ. ಅವತ್ತಿನಿಂದ ವೇಸ್ಟ್‌ಕೋಟು, ಅವತ್ತಿನಿಂದ ಬಚ್ಚಲಿನಲ್ಲಿ ಗುಟ್ಟಾಗಿ ಒಗೆತ.

ಹೇಳುವುದು ಯಾರಿಗೆ? ಹೋದ ವರ್ಷ ಬೀದಿ ಕೊನೆಯ ಬೇಕರಿಯವನು ಅಳತೆ ಕೊಡಲು ಬಂದಿದ್ದ. ಅವನ ಎದೆ ಒಂದು ಕಡೆ ಕೊಂಚ ಉಬ್ಬಿತ್ತು. "ನಿನ್ನ ಅಂಗಿಗೆ ನಾನಾಗಲ್ಲಪ್ಪಾ, ಹೆಂಗಸರ ಟೈಲರ್ ಹತ್ರ ಹೋಗು" ಅಂದಿದ್ದ ಇಂಚಣ್ಣ. ಕ್ರಾಪಣ್ಣ ಬಿದ್ದು ಬಿದ್ದು ನಕ್ಕಿದ್ದ. ಅಷ್ಟು ಸಾಲದೆಂದು ಅಳತೆ ಪುಸ್ತಕದಲ್ಲಿ ನಲವತ್ನಾಲ್ಕು ಎಂಬ ಅಂಕಿಯ ಪಕ್ಕ ಒಂದು ತಮಾಷೆಯ ಮಾತನ್ನೂ ಗೀಚಿಟ್ಟಿದ್ದ. ಬೇಕರಿಯವನು ಬಟ್ಟೆಯ ಗಂಟು ಎತ್ತಿಕೊಂಡು ಹೋದವನು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಆ ನಗು ಈಗ ತನ್ನ ಬಾಗಿಲಿಗೇ ಬಂದು ಕೂತಿದೆ ಎಂದು ಇಂಚಣ್ಣನಿಗೆ ಅನ್ನಿಸುತ್ತಿತ್ತು.

ಗುಂಡಿ ಡಬ್ಬಿಗಳ ಹಿಂದಿನ ಮೊಳೆಗೆ ಒಂದು ಹಳದಿ ಚೀಟಿ ಸಿಕ್ಕಿಸಿತ್ತು. ಬೀದಿಯ ಹೆಂಗಸರಿಗೆಲ್ಲ ಆರೋಗ್ಯ ಇಲಾಖೆಯವರು ಹಂಚಿದ್ದು, ಸ್ತನದ ಎಕ್ಸ್‌ರೇ ಪರೀಕ್ಷೆಯ ಚೀಟಿ. ಹೆಂಡತಿಯ ಹೆಸರು, ವಯಸ್ಸು, ಅಂಗಡಿಯ ವಿಳಾಸ, ಅವಳ ಫೋನ್ ನಂಬರು ಎಲ್ಲ ಅಚ್ಚಾಗಿತ್ತು. "ಈ ಅಂಗಿಗಳು ಮುಗೀಲಿ, ಆಮೇಲೆ ನೋಡೋಣ" ಎಂದು ಅವಳು ಸಿಕ್ಕಿಸಿಟ್ಟಿದ್ದಳು. ಚೀಟಿಯ ಗಡುವು ಅವತ್ತೇ ಕೊನೆ.

ಮಧ್ಯಾಹ್ನ ಇಂಚಣ್ಣ, "ನೀಲಿ ನೂಲು ತರ್ತೀನಿ" ಎಂದು ಎದ್ದ. ನೂಲಿನ ಉಂಡೆಗಳು ಮೇಜಿನ ಮೇಲೆ ಎಂಟು ಇದ್ದವು. ಹೆಂಡತಿ ಅವನ್ನೂ ನೋಡಿದಳು, ಅವನನ್ನೂ ನೋಡಿದಳು.

*

ಪರೀಕ್ಷಾ ಕೇಂದ್ರದ ಆ ಕೋಣೆಯ ಬಾಗಿಲಿಗೆ 'ಮಹಿಳೆಯರಿಗೆ ಮಾತ್ರ' ಎಂಬ ಫಲಕವಿತ್ತು. ಇಂಚಣ್ಣ ಅದರ ಮುಂದೆ ಮೂರು ಸಲ ಆಚೆ ಈಚೆ ನಡೆದ. ಕೊನೆಯ ಹೆಂಗಸೂ ಹೊರಟುಹೋದ ಮೇಲೆ, ಈಜು ಬಾರದವನು ಕೆರೆಗೆ ಹಾರುವಂತೆ ಒಳಗೆ ನುಗ್ಗಿದ.

ಚಿತ್ರ ತೆಗೆಯುವ ಹುಡುಗಿ ಬ್ಯಾಗು ಹೆಗಲಿಗೇರಿಸಿ ಹೊರಟು ನಿಂತಿದ್ದಳು. "ಹೆಂಡತೀನ ಕರ್ಕೊಂಡು ಬನ್ನಿ ಸ್ವಾಮಿ, ಗಂಡಸರು ಆಚೆ ಕೂರಬೇಕು."

"ಚೀಟಿ ಹೆಂಡತೀದು. ಎದೆ ನಂದು," ಅಂದ ಇಂಚಣ್ಣ. ಹೇಳಿದ ಮೇಲೆ ಅವನ ಕಿವಿ ಎರಡೂ ಇಸ್ತ್ರಿಪೆಟ್ಟಿಗೆಯ ಹಾಗೆ ಕಾದವು.

ಅವಳು ಬ್ಯಾಗು ಕೆಳಗಿಟ್ಟಳು. ನಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಏನೇನೋ ಒತ್ತಿದಳು. "ನೋಡಿ, ಗಂಡು ಅಂತ ಒತ್ತಿದ್ರೆ ಪಟ್ಟಿಯಿಂದ ಈ ಪರೀಕ್ಷೆನೇ ಮಾಯ ಆಗುತ್ತೆ. ಡಾಕ್ಟರಮ್ಮನ್ನ ಕೇಳಿ ನಾಳೆ..."

"ನಾಳೆ ನಾನು ಬರಲ್ಲ ತಾಯಿ. ಇವತ್ತು ಬಂದಿರೋದೇ ಹೆಚ್ಚು. ಯಾರನ್ನೂ ಕೇಳ್ಬೇಡ."

ಹುಡುಗಿ ಅವನ ಮುಖ ನೋಡಿದಳು, ಗಡಿಯಾರ ನೋಡಿದಳು, ಹಳದಿ ಚೀಟಿ ನೋಡಿದಳು. "ಹೆಸರು ಯಾರದಾದ್ರೇನು, ಚಿತ್ರ ಸುಳ್ಳು ಹೇಳಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಒತ್ತಿದಳು. ಕಂಪ್ಯೂಟರು ಒಪ್ಪಿತು. ಕರುಣೆಯಿಂದ ಮಾಡಿದ್ದು, ತಪ್ಪು ತಪ್ಪೇ.

ಹೂವಿನ ಚಿತ್ರದ ಗುಲಾಬಿ ಗೌನು ತೊಟ್ಟು, ಕಂಕುಳು ಬಿಗಿದು, ಇಂಚಣ್ಣ ಯಂತ್ರದ ಎದುರು ನಿಂತ. ಎರಡು ಹಲಗೆಗಳ ನಡುವೆ ಎದೆಯನ್ನು ಹಿಡಿದು ಒತ್ತುವಾಗ ಕಾಲರಿಗೆ ಇಸ್ತ್ರಿ ಹಾಕುವ ನೆನಪಾಯಿತು. ಅಷ್ಟು ಅವಮಾನದ ನಡುವೆಯೂ ದರ್ಜಿಯ ಬುದ್ಧಿ ಸುಮ್ಮನಿರಲಿಲ್ಲ. ಈ ಗೌನನ್ನು ಹೊಲಿದವನು ಯಾರೋ, ತೋಳಿನ ಅಳತೆಯೇ ತೆಗೆದಿಲ್ಲ ಎಂದುಕೊಂಡ.

"ಏನಾದ್ರೂ ಇದ್ರೆ ಫೋನ್ ಮಾಡ್ತೀವಿ," ಅಂದಳು ಹುಡುಗಿ. "ಫೋನ್ ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ."

*

ಒಂದು ದಿನ ಹೋಯಿತು, ಫೋನಿಲ್ಲ. ಎರಡು, ಮೂರು, ನಾಲ್ಕು. ಇಂಚಣ್ಣನ ಫೋನು ಬಾಯಿ ಹೊಲಿದ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ಐದನೆಯ ದಿನ ಅವನು ಮೆಷಿನ್ನಿನ ತಾಳಕ್ಕೆ ಶಿಳ್ಳೆ ಹಾಕತೊಡಗಿದ. ದಿನಕ್ಕೆ ಮೂವತ್ತು ಅಂಗಿ ಎಳೆದು ಬಿಸಾಕಿದ. ಏನೂ ಇಲ್ಲ! ಇದ್ದಿದ್ದರೆ ಕರೆಯುತ್ತಿರಲಿಲ್ಲವೇ?

ಅದೇ ದಿನ ಹೆಂಡತಿಯ ಫೋನು ಹೊಡೆದುಕೊಂಡಿತು. ಅವಳು ಎತ್ತಿ, ಕೇಳಿ, ಸಿಡುಕಿ ಇಟ್ಟಳು. "ನೋಡ್ರೀ, ಮತ್ತೆ ಅದೇ ಹೆಣ್ಣು! ಮೊನ್ನೆಯಿಂದ ಇದು ಮೂರನೇ ಸಲ. ನನ್ನ ಹೆಸರು, ವಯಸ್ಸು ಎಲ್ಲಾ ಬಾಯಿಪಾಠ ಒಪ್ಪಿಸ್ತಾಳೆ. ತುರ್ತಾಗಿ ಬನ್ನಿ ಅಂತಾಳೆ. ಎಲ್ಲಿಗೆ, ಯಾಕೆ ಅಂತ ಕೇಳೋ ಮೊದಲೇ ನಾನು ಕಟ್ ಮಾಡ್ತೀನಿ."

"ತುರ್ತು ಅಂದ್ರೆ ಮೋಸನೇ," ಅಂದ ಇಂಚಣ್ಣ, ನೂಲು ಹಲ್ಲಲ್ಲಿ ಕಡಿಯುತ್ತ. "ಗುರುತು ಪರಿಚಯ ಇಲ್ದೆ ಹೆಸರು ಹೇಳೋರನ್ನ ನಂಬಬಾರ್ದು. ಆ ನಂಬರ್ ಬ್ಲಾಕ್ ಮಾಡು."

"ನನಗೆ ಅದೆಲ್ಲ ಬರಲ್ಲಪ್ಪ."

"ತಾ ಇಲ್ಲಿ." ಇಂಚಣ್ಣ ಫೋನು ತೆಗೆದುಕೊಂಡು ತನ್ನ ಕೈಯಾರೆ ಆ ನಂಬರನ್ನು ಮುಚ್ಚಿಬಿಟ್ಟ. ಆಮೇಲೆ ಮತ್ತೆ ಶಿಳ್ಳೆ.

ಶಾಲೆಗೆ ಇನ್ನು ಮೂರು ದಿನ ಉಳಿದಿತ್ತು. ಬೆಳಗಿನ ಹನ್ನೊಂದು ಗಂಟೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಪ್ಪಂದಿರು, ಅಮ್ಮಂದಿರು, ಅಂಗಿ ತೊಡಲು ಹಟ ಹಿಡಿದ ಮಕ್ಕಳು. ಕ್ರಾಪಣ್ಣ ಟೀ ಲೋಟ ಹಿಡಿದು ಜನರ ನಡುವೆ ದಾರಿ ಮಾಡುತ್ತಿದ್ದ. ಅಷ್ಟರಲ್ಲಿ ಒಬ್ಬ ಹುಡುಗಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಅವಳನ್ನು ಕಂಡದ್ದೇ ಇಂಚಣ್ಣನ ಕಾಲು ಮೆಷಿನ್ನಿನ ಪೆಡಲಿನ ಮೇಲೆ ಕಲ್ಲಾಯಿತು.

ಹುಡುಗಿಯೂ ಅವನನ್ನು ಗುರುತಿಸಿದಳು. ಸುತ್ತಲಿನ ಜನ ನೋಡಿ ತೊದಲಿದಳು. "ಸ್ವಾಮಿ... ಅದು... ನಿಮ್ಮ ಅಂಗಿ ಸಿದ್ಧ ಇದೆ. ಈಗಲೇ ಬಂದು ನೋಡ್ಬೇಕಂತೆ."

"ಅಂಗಿ ಹೊಲಿಯೋರು ನಾವಮ್ಮಾ!" ಕ್ರಾಪಣ್ಣ ಗಹಗಹಿಸಿದ. "ದರ್ಜಿಗೆ ಅಂಗಿ ಸಿದ್ಧ ಇದೆ ಅನ್ನೋರನ್ನ ಇವತ್ತೇ ನೋಡಿದ್ದು!"

ಜನ ನಕ್ಕರು. ಆದರೆ ಮೂಲೆಯ ಸ್ಟೂಲು ಸರಕ್ಕನೆ ಹಿಂದಕ್ಕೆ ಸರಿಯಿತು. ಇಂಚಣ್ಣನ ಹೆಂಡತಿ ಎದ್ದು ನಿಂತಿದ್ದಳು, ಕೈಯಲ್ಲಿ ಬಟ್ಟೆ ಅಳೆಯುವ ಗಜಕೋಲು. "ಈ ದನಿ ನನಗೆ ಗೊತ್ತು. ಫೋನಿನ ಮೋಸಗಾತಿ ನೀನೇ ಅಲ್ವಾ? ಈಗ ಅಂಗಡಿಗೇ ಬಂದ್ಯಾ?"

"ಅಮ್ಮಾ, ಮೋಸ ಅಲ್ಲಮ್ಮಾ! ಚಿತ್ರದಲ್ಲಿ ಒಂದು ಗಂಟು ಇದೆ. ಮತ್ತೆ ನೋಡ್ಲೇಬೇಕು ಅಂತ ಡಾಕ್ಟರಮ್ಮ ಐದು ದಿನದಿಂದ ಬಡ್ಕೋತಿದ್ದಾರೆ."

"ಯಾವ ಚಿತ್ರ? ನಾನು ಆ ಕಡೆ ತಲೆ ಹಾಕಿಯೂ ಮಲಗಿಲ್ಲ! ನನ್ನ ಚೀಟಿ ಇಲ್ಲೇ ಮೊಳೆಗೆ..." ಅವಳು ತಿರುಗಿ ನೋಡಿದಳು. ಮೊಳೆ ಬರಿದಾಗಿತ್ತು.

ಹುಡುಗಿ ಇಂಚಣ್ಣನ ಕಡೆ ನೋಡಿದಳು.

ಹೆಂಡತಿಯ ಕಣ್ಣು ಮೊಳೆಯಿಂದ ಮೇಜಿಗೆ ಬಂತು, ಮೇಜಿನಿಂದ ಬಿಗಿಯಾಗಿ ಗುಂಡಿ ಹಾಕಿದ ವೇಸ್ಟ್‌ಕೋಟಿಗೆ. ಮಾಯವಾದ ಬನಿಯನ್ನುಗಳು. ಎಂಟು ಉಂಡೆ ಇದ್ದಾಗ ನೂಲು ತರಲು ಹೋದ ಮಧ್ಯಾಹ್ನ. ಗಜಕೋಲು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ರೀ?"

ಇನ್ನೂ ಅಲ್ಲವೆನ್ನಬಹುದಿತ್ತು. ಚೀಟಿ ಕಳೆದುಹೋಯಿತು, ಯಾರೋ ಎತ್ತಿಕೊಂಡರು, ನನಗೇನು ಗೊತ್ತು ಎಂದು ಮೂರು ಸುಳ್ಳು ಅವನ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಅಕ್ಕನ ಮುಖ ನೆನಪಿಗೆ ಬಂತು. ಹದಿನೈದು ವರ್ಷದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ, ಒಣಗಿದ ಕಡ್ಡಿಯಂತಿದ್ದ ಅಕ್ಕ. ಅವಳಿಗೂ ಎದೆಯಲ್ಲೇ ಗಂಟು. ಒಂದೂವರೆ ವರ್ಷ ಯಾರಿಗೂ ಹೇಳಿರಲಿಲ್ಲ. 'ಹೇಗೆ ತೋರಿಸಲೋ, ನಾಚಿಕೆ ಆಗ್ತಿತ್ತು' ಅಂದಿದ್ದಳು. ಅವನು ಮಂಚದ ಪಕ್ಕ ನಿಂತು ಕೂಗಾಡಿದ್ದ. 'ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದ್ಯಲ್ಲೇ! ಪ್ರಾಣಕ್ಕಿಂತ ನಾಚಿಕೆ ದೊಡ್ಡದೇನೇ?'

"ನಾನೇ," ಅಂದ ಇಂಚಣ್ಣ. "ಚಿತ್ರ ತೆಗೆಸ್ಕೊಂಡಿದ್ದು ನಾನೇ. ಗಂಟು ನಂದು."

ಮಗುವೊಂದು ಕತ್ತರಿ ಬೀಳಿಸಿತು. ಕ್ರಾಪಣ್ಣನ ಕೈಯ ಟೀ ಅಂಚಿನಿಂದ ಸುರಿದು ಅವನ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಅವನಿಗೆ ಬಿಸಿ ತಾಕಿದಂತೆಯೂ ಕಾಣಲಿಲ್ಲ.

ಮೊದಲು ಅಲುಗಾಡಿದವಳು ಹೆಂಡತಿ. "ಎಲ್ರೂ ನಾಳೆ ಬನ್ನಿ. ಅಂಗಿ ಎಲ್ಲೂ ಓಡಿಹೋಗಲ್ಲ," ಎಂದು ಹಾಡಹಗಲೇ ಶಟರು ಎಳೆದಳು. ದಾರಿಯಲ್ಲಿ ಅವಳು ಅಳಲಿಲ್ಲ. ಬೈದಳು. ಎರಡು ಬೀದಿ ಉದ್ದಕ್ಕೂ ಬೈದಳು. "ನನ್ನ ಹೆಸರಲ್ಲಿ ಕಾಯಿಲೆ ತಗೋತೀರಾ? ಬೇರೆ ಏನೂ ಸಿಗ್ಲಿಲ್ವಾ ನನ್ನ ಹೆಸರಲ್ಲಿ ತಗೊಳ್ಳೋಕೆ? ನಂಬರ್ ಬ್ಲಾಕ್ ಬೇರೆ ಮಾಡಿದ್ರಿ, ಜಾಣ!" ಬೈಯುತ್ತಲೇ ಅವನ ಮುಂಗೈ ಹಿಡಿದವಳು ಕೇಂದ್ರದ ಬಾಗಿಲವರೆಗೂ ಬಿಡಲಿಲ್ಲ.

*

ಕಾಯುವ ಹಜಾರದ ತುಂಬ ಹೆಂಗಸರಿದ್ದರು. ಕೌಂಟರಿನ ಗುಮಾಸ್ತ ತಲೆಯೆತ್ತದೆ, "ಗಂಡಸರು ಆಚೆ" ಅಂದ.

"ಪರೀಕ್ಷೆ ನನಗೆ."

ಗುಮಾಸ್ತ ಈಗ ತಲೆಯೆತ್ತಿದ. ಕೆಟ್ಟವನೇನಲ್ಲ. ದನಿ ತಗ್ಗಿಸಿದ. "ನೋಡಿ, ಇದು ಹೆಂಗಸರು ಕೂರೋ ಜಾಗ. ಅವ್ರಿಗೂ ಮುಜುಗರ ಆಗ್ಬಾರ್ದಲ್ವಾ? ಅದಕ್ಕೇ ಈ ನಿಯಮ."

ಬೆಂಚಿನ ತುದಿಯಲ್ಲಿ ಹೆಣಿಗೆ ಹಾಕುತ್ತಿದ್ದ ಅಜ್ಜಿಯೊಬ್ಬಳು ಪಕ್ಕದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ನಮಗ್ಯಾಕಪ್ಪಾ ಮುಜುಗರ? ನಾಲ್ಕು ಗಂಡುಮಕ್ಕಳನ್ನ ಹೆತ್ತೋಳು ನಾನು. ಬಾ ಮಗಾ, ಕೂತ್ಕೋ. ಕಾಯಿಲೆಗೇನು ಗಂಡು ಹೆಣ್ಣು ಅಂತ ಓದೋಕೆ ಬರುತ್ತಾ?"

"ಹೆಸರು?" ಎಂದು ಕೇಳಿದ ಗುಮಾಸ್ತ, ಕಂಪ್ಯೂಟರು ಬಿಟ್ಟು ಒಂದು ಖಾಲಿ ಪುಸ್ತಕ ತೆರೆದು.

ಇಂಚಣ್ಣ ಮೂವತ್ತು ವರ್ಷದಿಂದ ಯಾರೂ ಕೂಗದ ತನ್ನ ಹೆಸರನ್ನು, ಅಪ್ಪನ ಹೆಸರು ಸೇರಿಸಿ, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದ. "ಗಂಡು" ಅಂತಲೂ ಸೇರಿಸಿದ. ಅಜ್ಜಿ, "ಅದು ಕಾಣ್ಸುತ್ತೆ ಬಿಡು" ಅಂದಳು. ಹಜಾರ ನಕ್ಕಿತು, ಇಂಚಣ್ಣನೂ ನಕ್ಕ. ನಾಲ್ಕು ತಿಂಗಳಲ್ಲಿ ಅದೇ ಮೊದಲ ಸಲ ಅವನ ಕೈ ಎಡಗಡೆಗೆ ಹೋಗಲಿಲ್ಲ.

ಡಾಕ್ಟರಮ್ಮ ಪುಟಾಣಿ ಹೆಂಗಸು, ಮಾತು ಮಾತ್ರ ಪಟಾಕಿ. "ಬಂದ್ರಾ ಕೊನೆಗೂ! ನಿಮ್ಮ ಚಿತ್ರ ನನ್ನ ನಿದ್ದೆ ಕೆಡಿಸಿತ್ತು ಗೊತ್ತಾ? ಮೊದಲು ಹೆಂಗಸಿನ ಎದೆ ಅಂತಲೇ ನೋಡ್ದೆ. ಗಂಟು ಕಾಣಿಸ್ತು, ಕರೆಸಿ ಅಂತ ಬರೆದೆ. ಎಷ್ಟು ಕರೆದ್ರೂ ಬರ್ತಿಲ್ಲ ಅಂದಾಗ ಮತ್ತೆ ತೆಗೆದೆ. ಈ ಸಲ ಗಂಟು ಬಿಟ್ಟು ಅದರ ಸುತ್ತಮುತ್ತ ನೋಡ್ದೆ. ಹಾಲಿನ ಗ್ರಂಥಿಯ ಎಳೆ ಒಂದೂ ಇಲ್ಲ. ಹಿಂದಿನ ಮಾಂಸಖಂಡ ಗೋಡೆ ಥರ ದಪ್ಪ. ಇವಳನ್ನ ಕರೆದು ಕೇಳ್ದೆ, ಇದು ಯಾರ ಎದೆನೇ? ಅಂತ. ಅತ್ತುಬಿಟ್ಲು. ಬೈಯೋದೆಲ್ಲ ಬೈದಾಯ್ತು. ನೀವು ಬೈಬೇಡಿ."

ಬಾಗಿಲ ಬಳಿ ನಿಂತಿದ್ದ ಹುಡುಗಿ ನೆಲ ನೋಡಿದಳು. ಇಂಚಣ್ಣನ ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಗಜಕೋಲು ಎತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕಣೆ."

ಡಾಕ್ಟರಮ್ಮ ಪರದೆಯ ಮೇಲೆ ಮೂರು ಚಿತ್ರ ಪಕ್ಕಪಕ್ಕ ಇಟ್ಟರು. ಕತ್ತಲೆಯ ನಡುವೆ ಬೂದು, ಬೂದು ಬಣ್ಣದ ನಡುವೆ ಬಿಳುಪು. "ನೀವು ದರ್ಜಿ ಅಂತೆ. ಹೇಳಿ ನೋಡೋಣ. ಈ ಮೊದಲನೇದು ಆರೋಗ್ಯವಾಗಿರೋ ಗಂಡಸಿನ ಎದೆ."

"ಸಾದಾ ಬಟ್ಟೆ," ಅಂದ ಇಂಚಣ್ಣ. "ಯಾವ ಡಿಸೈನೂ ಇಲ್ಲ."

"ಎರಡನೇದು? ಇದೂ ಒಬ್ಬ ಗಂಡಸಿಂದೇ."

ಇಂಚಣ್ಣ ಮುಂದಕ್ಕೆ ಬಾಗಿದ. ತೊಟ್ಟಿನ ಹಿಂದಿನಿಂದ ಬಿಳುಪು ದೀಪದ ಕುಡಿಯಂತೆ ಹರಡಿ, ಕೊನೆಗೆ ಮೆತ್ತಗೆ ಬೂದು ಬಣ್ಣದಲ್ಲಿ ಕರಗಿಹೋಗಿತ್ತು. "ಉಬ್ಬಿದೆ. ಆದ್ರೆ ಸರಿಯಾಗಿ ನಟ್ಟನಡುವೆ ಇದೆ. ತೊಟ್ಟನ್ನ ಗುಂಡಿ ಅನ್ಕೊಂಡ್ರೆ, ಗುಂಡಿಯ ಬೆನ್ನ ಹಿಂದೆನೇ. ಅಂಚು ಕೂಡ ಮೆತ್ತಗಿದೆ."

"ಭೇಷ್! ಇದು ಬರೀ ಉಬ್ಬು. ಕೆಲವು ಮಾತ್ರೆಗಳಿಂದ, ವಯಸ್ಸಿನಿಂದ ಬರುತ್ತೆ. ಎದೆಯಲ್ಲಿ ಗಂಟು ಅಂತ ಬರೋ ಗಂಡಸರಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಜನಕ್ಕೆ ಇದೇ. ಏನೂ ಮಾಡಲ್ಲ. ಈಗ ಮೂರನೇದು."

ಅದು ಯಾರದೆಂದು ಅವರು ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ. ಮೂವತ್ತು ವರ್ಷ ಲಕ್ಷಾಂತರ ಗುಂಡಿ ಕೂಡಿಸಿದ ಕಣ್ಣು ತನ್ನ ಕೆಲಸ ತಾನೇ ಮಾಡಿತು. ಹೆದರಿಕೆಗಿಂತ ಮೊದಲು ಅಳತೆ ಬಂತು.

"ನಡುವೆ ಇಲ್ಲ," ಅಂದ. "ಗುಂಡಿಯಿಂದ ಅರ್ಧ ಇಂಚು ಆಚೆ ಇದೆ. ಅಂಚು ಮೆತ್ತಗಿಲ್ಲ. ಬಿಗಿ ಹೊಲಿಗೆ ಬಿದ್ದ ಕಡೆ ಬಟ್ಟೆ ಸುತ್ತ ನೆರಿಗೆ ಎಳ್ಕೊಳ್ಳುತ್ತಲ್ಲ, ಹಾಗೆ ನೂಲುನೂಲಾಗಿ ಎಳ್ಕೊಂಡಿದೆ. ತೊಟ್ಟೂ ಒಳಕ್ಕೆ ಜಗ್ಗಿದೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ಇದನ್ನ ನನ್ನ ವಿದ್ಯಾರ್ಥಿಗಳ ತಲೆಗೆ ತುಂಬೋಕೆ ನನಗೆ ಮೂರು ವರ್ಷ ಬೇಕು!" ಎಂದವರು, ಎದುರಿಗಿರುವವನು ವಿದ್ಯಾರ್ಥಿಯಲ್ಲ ಎಂಬುದು ನೆನಪಾಗಿ ಮೆಲ್ಲಗೆ ಕೂತರು. "ಅದಕ್ಕೇ ಓಡೋಡಿ ಕರೆಸಿದ್ದು. ಗಂಡಸರಲ್ಲಿ ಇದು ತೀರಾ ಅಪರೂಪ. ಅಪರೂಪ ಅಂತಲೇ ಯಾರೂ ನೋಡಲ್ಲ, ಯಾರೂ ತೋರಿಸಲ್ಲ. ಈಗ ಅಲ್ಟ್ರಾಸೌಂಡ್ ಮಾಡಿ ಕಂಕುಳನ್ನೂ ನೋಡ್ತೀನಿ. ಆಮೇಲೆ ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಅದು ಬರೋವರೆಗೂ ಏನೂ ಖಚಿತ ಅಲ್ಲ. ಮನೆಯಲ್ಲಿ ಬೇರೆ ಯಾರಿಗಾದ್ರೂ ಇತ್ತಾ?"

"ಅಕ್ಕನಿಗೆ," ಅಂದ ಇಂಚಣ್ಣ.

"ಅಕ್ಕನಿಗೆ ಮಕ್ಕಳು?"

"ಒಬ್ಳು ಮಗಳು. ಬೇರೆ ಊರಲ್ಲಿದ್ದಾಳೆ."

"ಹಾಗಾದ್ರೆ ಅವಳಿಗೂ ಹೇಳ್ಬೇಕು. ಇದು ರಕ್ತದಲ್ಲಿ ಇಳಿದು ಬಂದಿರ್ಬಹುದು. ನೀವು ಮುಚ್ಚಿಟ್ಟಿದ್ದು ನಿಮ್ಮ ಒಬ್ಬರ ಗುಟ್ಟು ಅಲ್ಲ."

ಅವತ್ತು ಸಂಜೆಯೇ ಇಂಚಣ್ಣ ಅಕ್ಕನ ಮಗಳಿಗೆ ಫೋನು ಹಚ್ಚಿದ. "ಮಾಮ, ನೀವಾ? ನಿಮಗಾ?" ಎಂದು ಅವಳು ಮೂರು ಸಲ ಕೇಳಿದಳು. ಆಮೇಲೆ, "ಅಮ್ಮ ನಿಮ್ಮ ಥರ ಹೇಳಿದ್ದಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮುಂದಿನ ವಾರವೇ ತಾನೂ ತೋರಿಸಿಕೊಳ್ಳುವೆನೆಂದು ಮಾತು ಕೊಟ್ಟಳು.

*

ಸೂಜಿಯ ಪರೀಕ್ಷೆಯ ಉತ್ತರ ಆರನೆಯ ದಿನ ಬಂತು. ಕ್ಯಾನ್ಸರೇ. ಆದರೆ ಕಂಕುಳಿಗೆ ಇಳಿದ ಗುರುತಿಲ್ಲ. "ಇನ್ನೊಂದು ಆರು ತಿಂಗಳು ವೇಸ್ಟ್‌ಕೋಟು ಹಾಕ್ಕೊಂಡು ಓಡಾಡಿದ್ದಿದ್ರೆ ನಾನು ಬೇರೆ ಮಾತು ಹೇಳ್ಬೇಕಾಗ್ತಿತ್ತು," ಅಂದರು ಡಾಕ್ಟರಮ್ಮ.

ಸಮವಸ್ತ್ರಗಳು ಎರಡು ದಿನ ತಡವಾಗಿ ಶಾಲೆ ತಲುಪಿದವು. ಅದರಿಂದ ಯಾವ ಮಗುವಿನ ವಿದ್ಯೆಯೂ ನಿಲ್ಲಲಿಲ್ಲ. ಇಂಚಣ್ಣನ ಹೆಂಡತಿ ಮೆಷಿನ್ನು ತುಳಿದಳು, ಕ್ರಾಪಣ್ಣ ಸಲೂನಿಗೆ ಬೀಗ ಹಾಕಿ ಬಂದು ಅಂಗಿ ಮಡಿಸಿದ. ಒಂದೂ ಸರಿಯಾಗಿ ಮಡಿಸಲಿಲ್ಲ. ಅವನು ಹದಿನೈದು ದಿನದಲ್ಲಿ ಒಂದು ಜೋಕೂ ಹೇಳಿರಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕ್ಷೌರದ ಪೆಟ್ಟಿಗೆ ಹಿಡಿದು ಆಸ್ಪತ್ರೆಗೆ ಬಂದು, ಗೆಳೆಯನ ಕೆನ್ನೆಗೆ ನೊರೆ ಹಚ್ಚುತ್ತ ಕೊನೆಗೂ ಬಾಯಿಬಿಟ್ಟ. "ಅವತ್ತು ಬೇಕರಿಯವನನ್ನ ನೋಡಿ ನಾನು ಅಷ್ಟು ನಗದೇ ಇದ್ದಿದ್ರೆ ನೀನು ನನಗಾದ್ರೂ ಹೇಳ್ತಿದ್ಯೇನೋ?"

"ಮಾತು ಆಡಿದೋನು ನಾನು. ನೀನು ಬರೀ ನಕ್ಕೋನು," ಅಂದ ಇಂಚಣ್ಣ. "ಮೂಗು ಕುಯ್ಯಬೇಡ, ನಾಳೆ ಕುಯ್ಯೋದಿದೆ."

ಎಡ ಎದೆ ಹೋಯಿತು. ಆ ಜಾಗದಲ್ಲಿ ಒಂದು ಗೇಣುದ್ದದ ಹೊಲಿಗೆ ಬಂತು. ಎಚ್ಚರವಾದ ಮೇಲೆ ಇಂಚಣ್ಣ ಮೊದಲು ನೋಡಿದ್ದು ಅದನ್ನೇ. "ಕೆಲಸ ಚೊಕ್ಕವಾಗಿದೆ," ಅಂದ. "ಹೊಲಿಗೆ ಸ್ವಲ್ಪ ಒತ್ತಾಗಿ ಹಾಕಬಹುದಿತ್ತು."

ಮಾತ್ರೆಗಳು ಶುರುವಾದವು, ತಿಂಗಳುಗಳು ಉರುಳಿದವು. ಒಂದು ದಿನ ಅವನು ಕೇಂದ್ರಕ್ಕೆ ಹೋಗಿ ಚಿತ್ರ ತೆಗೆಯುವ ಹುಡುಗಿಯಿಂದ ಆ ಗುಲಾಬಿ ಗೌನನ್ನು ಕೇಳಿ ತಂದ. ಅದನ್ನು ಮೇಜಿನ ಮೇಲೆ ಹರಡಿ, ತಲೆಯಲ್ಲಾಡಿಸಿ, ಸಮವಸ್ತ್ರದಲ್ಲಿ ಮಿಕ್ಕ ಬೂದು ನೀಲಿ ಬಟ್ಟೆಯಲ್ಲಿ ಹತ್ತು ಗೌನು ಹೊಲಿದ. ಗಂಡಸಿನ ಭುಜಕ್ಕೆ ಸರಿಹೋಗುವ ಅಗಲ, ಕಂಕುಳಲ್ಲಿ ಸಡಿಲ, ಬದಿಗೆ ಕಟ್ಟುವ ದಾರ. ಹೆಂಡತಿ ಕಾಜಾ ಹಾಕಿದಳು. ಒಂಬತ್ತು ಕೇಂದ್ರಕ್ಕೆ ಹೋದವು. ಹತ್ತನೆಯದನ್ನು ಹೊಲಿಯುವ ಮುಂಚೆ ಅವನು ಅಳತೆ ಪುಸ್ತಕದ ಹಳೆಯ ಪುಟ ತಿರುವಿದ್ದ.

ಆ ಗೌನನ್ನು ಕಾಗದದಲ್ಲಿ ಸುತ್ತಿಕೊಂಡು ಅವನು ಬೀದಿಯ ಕೊನೆಗೆ ನಡೆದ. ಬೇಕರಿಯ ಹಿಂಬದಿಯಲ್ಲಿ ಒಲೆ ಧಗಧಗಿಸುತ್ತಿತ್ತು. ಮೊಣಕೈವರೆಗೆ ಹಿಟ್ಟು ಮೆ‌ತ್ತಿಕೊಂಡ ಬೇಕರಿಯವನು ಅವನನ್ನು ಕಂಡು ಮುಖ ಗಂಟಿಕ್ಕಿದ. ಅಷ್ಟು ಬಿಸಿಯಲ್ಲೂ ದೊಗಳೆ ಅಂಗಿಯ ಮೇಲೆ ದಪ್ಪ ಏಪ್ರನ್ ಕಟ್ಟಿದ್ದ.

"ಏನು, ನಗೋಕೆ ಬಂದ್ರಾ?"

ಇಂಚಣ್ಣ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದ. ಒಲೆಯ ಬೆಳಕು ಎಡ ಎದೆಯ ಮೇಲೆ, ಆ ಗೇಣುದ್ದದ ಹೊಲಿಗೆಯ ಮೇಲೆ ಬಿತ್ತು. ಬೇಕರಿಯವನ ಕೈಯ ಹಿಟ್ಟಿನ ಉಂಡೆ ಹಲಗೆಯ ಮೇಲೆ ಧಪ್ಪೆಂದಿತು.

"ನಿಮ್ಮದು ಎಷ್ಟು ದಿನದಿಂದ ಹಾಗಿದೆ?" ಅಂತ ಕೇಳಿದ ಇಂಚಣ್ಣ.

"ಎರಡು ವರ್ಷ." ದನಿ ಇಳಿದಿತ್ತು. "ಮನೆಯವಳಿಗೂ ಹೇಳಿಲ್ಲ. ಅಲ್ಲಿ... ಅಲ್ಲಿ ನಗ್ತಾರಾ?"

"ನಗ್ತಾರೆ. ಒಬ್ಬಳು ಅಜ್ಜಿ ನನ್ನನ್ನ ನೋಡಿ ಚೆನ್ನಾಗಿಯೇ ನಕ್ಕಳು. ನೀವೂ ನಗ್ತೀರಾ." ಕಾಗದದ ಸುತ್ತನ್ನು ಹಲಗೆಯ ಮೇಲಿಟ್ಟ. "ಗುಲಾಬಿ ಅಲ್ಲ, ಹೆದರ್ಬೇಡಿ. ಅಳತೆ ನನ್ನ ಹತ್ರ ಇತ್ತು."

ಅರ್ಧ ಗಂಟೆಯ ಮೇಲೆ, ಹೆಂಗಸರ ಬೆಂಚಿನ ಮೇಲೆ ಇಂಚಣ್ಣ ಮತ್ತು ಕ್ರಾಪಣ್ಣ ಪಕ್ಕಪಕ್ಕ ಕೂತಿದ್ದರು. ಕ್ರಾಪಣ್ಣನ ತೊಡೆಯ ಮೇಲೆ ಹಿಟ್ಟಿನ ಏಪ್ರನ್. ಕಂಪ್ಯೂಟರು ಇನ್ನೂ ಗಂಡಸರನ್ನು ಒಪ್ಪಿರಲಿಲ್ಲ. ಗುಮಾಸ್ತನ ಪುಸ್ತಕದಲ್ಲಿ ಇಂಚಣ್ಣನ ಹೆಸರಿನ ಕೆಳಗೆ ಈಗ ಐದು ಹೆಸರು, ಐದನೆಯದು ಬೇಕರಿಯವನದು. ಬಾಗಿಲ ಫಲಕದ 'ಮಾತ್ರ' ಎಂಬ ಮಾತಿನ ಮೇಲೆ ಯಾರೋ ಬಿಳಿ ಟೇಪು ಅಂಟಿಸಿದ್ದರು.

ಇಂಚಣ್ಣನ ಮೊಣಕಾಲು ಮೆಷಿನ್ ತುಳಿದಂತೆ ಕುಣಿಯುತ್ತಿತ್ತು. ಎರಡು ವರ್ಷ. ಆ ಎರಡರಲ್ಲಿ ಒಂದು ವರ್ಷ ತನ್ನ ನಾಲಿಗೆಯ ಲೆಕ್ಕಕ್ಕೆ.

ಒಳಬಾಗಿಲು ತೆರೆಯಿತು. ಡಾಕ್ಟರಮ್ಮ ಹೊರಗೆ ಬಂದು ಹಜಾರದ ಆಚೆಯಿಂದಲೇ ಇಂಚಣ್ಣನನ್ನು ಹುಡುಕಿದರು. ಬೇಕರಿಯವನು ಅವರ ಹಿಂದೆ, ಕಣ್ಣೊರೆಸಿಕೊಳ್ಳುತ್ತ. ಡಾಕ್ಟರಮ್ಮ ತಮ್ಮ ಬಿಳಿ ಕೋಟಿನ ಗುಂಡಿಯ ಮೇಲೆ ಬೆರಳಿಟ್ಟು ತೋರಿಸಿದರು. ಸರಿಯಾಗಿ ಗುಂಡಿಯ ಮೇಲೆ.

"ನಟ್ಟನಡುವೆ!" ಇಂಚಣ್ಣ ಬೆಂಚಿನಿಂದ ಹಾರಿ ನಿಂತ. "ನಟ್ಟನಡುವೆನೇ!"

"ಅಂದ್ರೆ ಏನೋ? ಏನು ನಡುವೆ?" ಕ್ರಾಪಣ್ಣ ಅವನ ತೋಳು ಹಿಡಿದು ಅಲ್ಲಾಡಿಸಿದ.

"ಬರೀ ಉಬ್ಬು ಕಣೋ!" ಅಂದ ಇಂಚಣ್ಣ. ಕುತ್ತಿಗೆಯ ಟೇಪು ಆಗಲೇ ಕೈಗೆ ಬಂದಿತ್ತು. ಹಜಾರದ ಹೆಂಗಸರೆಲ್ಲ ನೋಡುತ್ತಿದ್ದಂತೆ ಬೂದು ನೀಲಿ ಗೌನಿನಲ್ಲಿ ನಿಂತಿದ್ದ ಬೇಕರಿಯವನ ಮುಂದೆ ಹೋಗಿ, "ಕೈ ಎತ್ತಿ. ಉಸಿರು ಬಿಡಿ, ಬಿಗಿ ಹಿಡೀಬೇಡಿ," ಅಂದ. ಬೇಕರಿಯವನು ಎರಡು ವರ್ಷದ ಉಸಿರನ್ನು ಬಿಟ್ಟ.

ಇಂಚಣ್ಣ ಜೊತೆಗೆ ತಂದಿದ್ದ ಅಳತೆ ಪುಸ್ತಕದ ಹೊಸ ಪುಟ ತೆರೆದು ನಲವತ್ನಾಲ್ಕೂವರೆ ಎಂದು ಬರೆದ. ಅದರ ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ.